ಕಲ್ಲಿನಿಂದ ಮೀನು ಬಿಡಿಸುವುದು ಹೇಗೆ?

ನನ್ನ ಮೇಜಿನ ಮೇಲೆ ಒಂದು ಮೀನಿದೆ. ಅಂಗೈಗಿಂತ ತುಸು ಚಿಕ್ಕದು. ಬೆನ್ನೆಲುಬಿನ ಒಂದೊಂದು ಮಣಿಯನ್ನೂ ಎಣಿಸಬಹುದು. ಪಕ್ಕೆಲುಬುಗಳು ಕೂದಲಿನಷ್ಟು ತೆಳ್ಳಗಿವೆ. ಬಾಲ ಕವಲೊಡೆದು ನಿಂತಿದೆ. ಈ ಮೀನು ಬದುಕಿದ್ದು ಸುಮಾರು 5.2 ಕೋಟಿ ವರ್ಷಗಳ ಹಿಂದೆ, ಇವತ್ತಿನ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿದ್ದ ಒಂದು ದೊಡ್ಡ ಸರೋವರದಲ್ಲಿ. ನಮ್ಮ ವಿಜಯಪುರದ ಕಪ್ಪು ಕಲ್ಲಿದೆಯಲ್ಲ, ಅದು ಲಾವಾ ಆಗಿ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಈ ಮೀನು ಈಜುವಾಗ ನಮ್ಮ ಕಡೆಯ ಲಾವಾ ತಣ್ಣಗಾಗಿ ಎಷ್ಟೋ ಕಾಲವಾಗಿತ್ತು.

ಬಾಗಲಕೋಟೆಯ ನಮ್ಮ ಮನೆಗೆ ಬಂದಾಗ ಇದು ಮೀನಿನ ಹಾಗೆ ಕಾಣುತ್ತಲೇ ಇರಲಿಲ್ಲ. ಮಾಸಲು ಬಣ್ಣದ ತೆಳು ಕಲ್ಲು. ನಡುವೆ ಉದ್ದಕ್ಕೆ ಒಂದು ಸಣ್ಣ ಉಬ್ಬು. ಒಂದು ತುದಿಯಲ್ಲಿ ಕಂದು ಬಣ್ಣದ ಚುಕ್ಕೆ. ಅಷ್ಟೇ. ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ಸೋದರಮಾವನ ಮಗ ಕೆಮ್ಮರರ್ ಎಂಬ ಊರಿನ ಹತ್ತಿರದ ಕ್ವಾರಿಗೆ ಹೋಗಿದ್ದ. ಅಲ್ಲಿ ಹಣ ಕೊಟ್ಟರೆ ನಮ್ಮ ಕೈಗೇ ಸುತ್ತಿಗೆ, ಉಳಿ ಕೊಟ್ಟು ಕಲ್ಲು ಸೀಳಲು ಬಿಡುತ್ತಾರೆ. ಹೇರಳವಾಗಿ ಸಿಗುವ ಜಾತಿಯ ಮೀನುಗಳನ್ನು ಮನೆಗೆ ತರಬಹುದು. ಅವನು ಬರುವಾಗ ಅಂಥ ಎರಡು ತುಂಡು ತಂದುಕೊಟ್ಟ. ಮೊದಲನೆಯದನ್ನು ನಾನು ಕೆಡಿಸಿದೆ. ಎರಡನೆಯದು ಮೇಜಿನ ಮೇಲಿದೆ. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕೆಲಸವನ್ನು ನಾನು 'ಬಿಡಿಸುವುದು' ಅಂತಲೇ ಕರೆಯುತ್ತೇನೆ. ಸ್ವಚ್ಛ ಮಾಡುವುದು ಅಂದರೆ ನೀರು, ಸೋಪು, ಬ್ರಷ್ ನೆನಪಾಗುತ್ತವೆ. ಇಲ್ಲಿ ತೊಳೆಯುವಂಥದ್ದು ಏನೂ ಇಲ್ಲ. ಎಲುಬಿನ ಮೇಲೆ ಕೂತ ಕಲ್ಲನ್ನು ಎಲುಬಿಗೆ ಗೊತ್ತಾಗದ ಹಾಗೆ ಎತ್ತಬೇಕು. ಹಸಿ ತೊಗರಿಕಾಯಿ ಸುಲಿಯುವಾಗ ಕಾಳಿಗೆ ಉಗುರು ತಾಗದ ಹಾಗೆ ಸಿಪ್ಪೆ ಬಿಡಿಸುತ್ತೇವಲ್ಲ, ಹಾಗೆ.

ಹೊಸಬರು ಮೊದಲು ಕೇಳುವುದು 'ಯಾವ ಉಪಕರಣ ಬೇಕು?' ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಮೀನು ಕಲ್ಲಿನೊಳಗೆ ಹೋಗಿ ಮಲಗಿದ್ದು ಹೇಗೆ? ಇದು ಗೊತ್ತಾದರೆ ಸೂಜಿ ಯಾವ ಕಡೆ ಓಡಬೇಕು ಅನ್ನುವುದು ಕೈಗೆ ತಾನಾಗಿ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಉಪಕರಣ ಇದ್ದರೂ ಮೀನು ಹಾಳಾಗುತ್ತದೆ.

ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದ ಮೇಲೆ ದಂಡೆಗೆ ಹೋಗಿ ನೋಡಿ. ನೀರು ಬಿಟ್ಟುಹೋದ ಹೂಳು ಒಣಗಿ ಬಿರಿದಿರುತ್ತದೆ. ಅಂಚು ಮೇಲೆದ್ದು ಹಪ್ಪಳದ ಹಾಗೆ ಸುರುಳಿಯಾಗಿರುತ್ತದೆ. ಒಂದು ತುಂಡು ಎತ್ತಿ ಅಡ್ಡಕ್ಕೆ ಮುರಿದರೆ ಒಳಗೆ ಪದರಗಳು ಕಾಣುತ್ತವೆ. ನೀರು ನಿಂತಾಗ ಒಂದೊಂದಾಗಿ ಕೂತ ಪದರಗಳು ಅವು. ವಯೋಮಿಂಗ್‌ನ ಆ ಸರೋವರದ ತಳದಲ್ಲೂ ಹೀಗೇ ನಯವಾದ ಸುಣ್ಣದ ಕೆಸರು ಪದರ ಪದರವಾಗಿ ಕೂತಿತು. ಸತ್ತ ಮೀನು ತಳಕ್ಕೆ ಹೋಗಿ ಪಕ್ಕಕ್ಕೆ ಮಲಗಿತು. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ ಇದ್ದದ್ದರಿಂದ ಅದನ್ನು ಕಿತ್ತು ತಿನ್ನುವ ಜೀವಿಗಳೂ ಅಲ್ಲಿ ಕಡಿಮೆ. ಮೇಲೆ ಕೆಸರು ಬಿತ್ತು. ಅದರ ಮೇಲೆ ಮತ್ತೆ ಕೆಸರು. ಭಾರಕ್ಕೆ ಮೀನು ಚಪ್ಪಟೆಯಾಯಿತು, ಕೆಸರು ಕಲ್ಲಾಯಿತು.

ಖಡಕ್ ರೊಟ್ಟಿಯ ಅಟ್ಟಿ ನೆನಪಿಸಿಕೊಳ್ಳಿ. ಎರಡು ರೊಟ್ಟಿಗಳ ನಡುವೆ ಒಂದು ಎಲೆ ಇಟ್ಟಿದ್ದೀರಿ ಅಂತ ಅಂದುಕೊಳ್ಳಿ. ಎಲೆ ಬೇಕೆಂದರೆ ರೊಟ್ಟಿಯನ್ನು ಮೇಲಿನಿಂದ ಚುಚ್ಚುತ್ತೀರಾ? ಇಲ್ಲ. ಪಕ್ಕದಿಂದ ಬೆರಳು ತೂರಿಸಿ ಮೇಲಿನ ರೊಟ್ಟಿ ಎತ್ತುತ್ತೀರಿ. ಕಲ್ಲಿನ ಮೀನಿಗೂ ಇದೇ ದಾರಿ. ಸೂಜಿ ಕಲ್ಲಿಗೆ ನೆಟ್ಟಗೆ ನಿಲ್ಲಬಾರದು. ಹೆಚ್ಚುಕಡಿಮೆ ಮಲಗಿಕೊಂಡೇ ಪದರದ ಜೊತೆ ಜಾರಬೇಕು. ಕಲ್ಲು ಪುಡಿಯಾಗುವ ಬದಲು ಸಣ್ಣ ಸಣ್ಣ ಚಕ್ಕೆಯಾಗಿ ಏಳಬೇಕು. ಹಾಗೆ ಎದ್ದ ಚಕ್ಕೆಯ ಕೆಳಗೆ ಹೊಳೆಯುವ ಕಂದು ಎಲುಬು ಮೊದಲ ಸಲ ಬೆಳಕಿಗೆ ಬರುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿ ಎಷ್ಟು ಗಂಟೆ ಬೇಕಾದರೂ ಕೂಡಬಹುದು.

ಒಂದು ಎಚ್ಚರಿಕೆ ಬೇಕು. ಮೀನು ಪೂರ್ತಿ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆನ್ನೆಲುಬು ದಪ್ಪ, ಅದು ಎತ್ತರದಲ್ಲಿರುತ್ತದೆ. ಪಕ್ಕೆಲುಬು ಅಲ್ಲಿಂದ ಕೆಳಗಿಳಿಯುತ್ತದೆ. ರೆಕ್ಕೆ ಇನ್ನೂ ಕೆಳಗಿರಬಹುದು. ಬೆನ್ನಿನ ಮೇಲೆ ಅರ್ಧ ಮಿಲಿಮೀಟರ್ ಕಲ್ಲಿದ್ದರೆ ಹೊಟ್ಟೆಯ ಮೇಲೆ ಎರಡು ಮಿಲಿಮೀಟರ್ ಇರಬಹುದು. ಆದ್ದರಿಂದ ಮೊದಲ ದಿನ ಉಪಕರಣ ಮುಟ್ಟಬೇಡಿ. ಕೋಣೆ ಕತ್ತಲು ಮಾಡಿ. ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಲ್ಲಿ, ಕಲ್ಲಿನ ಮಟ್ಟಕ್ಕೇ ಇಟ್ಟು ಬೆಳಕು ಹಾಯಿಸಿ. ಮೇಲಿನ ಬೆಳಕಿನಲ್ಲಿ ಸಪಾಟಾಗಿ ಕಂಡದ್ದು ಈಗ ನೆರಳಿನಿಂದ ಎದ್ದು ಕಾಣುತ್ತದೆ. ಬೆನ್ನಿನ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ, ತಲೆ ಯಾವ ಕಡೆ, ಬಾಲ ಎಲ್ಲಿ ಮುಗಿಯಬಹುದು, ಎಲ್ಲ ಪೆನ್ಸಿಲ್‌ನಲ್ಲಿ ಕಾಗದದ ಮೇಲೆ ಬಿಡಿಸಿಕೊಳ್ಳಿ. ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ.

ಮೀನಿನ ಮೈ ಹೇಗಿರುತ್ತದೆ ಅನ್ನುವುದೂ ಗೊತ್ತಿರಬೇಕು. ನನ್ನದು ನೈಟಿಯಾ ಜಾತಿಯ ಮೀನು. ಆ ಸರೋವರದ ಕಲ್ಲಿನಲ್ಲಿ ಅತಿ ಜಾಸ್ತಿ ಸಿಗುವ ಮೀನುಗಳಲ್ಲಿ ಒಂದು. 1987ರಿಂದ ಅದು ವಯೋಮಿಂಗ್‌ನ ಅಧಿಕೃತ ರಾಜ್ಯ ಪಳೆಯುಳಿಕೆಯೂ ಹೌದು. ಹೆರಿಂಗ್ ಮೀನುಗಳ ಬಳಗಕ್ಕೆ ಸೇರಿದ್ದು. ನಮ್ಮ ಕರಾವಳಿಯ ಬೂತಾಯಿ, ಅಂದರೆ ಕಾರವಾರದವರ ತಾರ್ಲಿ, ಇದರ ದೂರದ ನೆಂಟ. ಮೀನು ತಿನ್ನುವವರು ಒಂದು ಬೂತಾಯಿಯ ಮುಳ್ಳನ್ನು ಇಡಿಯಾಗಿ ಒಣಗಿಸಿ ಪಕ್ಕದಲ್ಲಿಟ್ಟುಕೊಂಡರೆ ಅದಕ್ಕಿಂತ ಒಳ್ಳೆ ನಕ್ಷೆ ಇಲ್ಲ. ನಾವು ತಿನ್ನುವುದಿಲ್ಲ. ನಾನು ಚಿತ್ರ ಇಟ್ಟುಕೊಂಡು ಕೆಲಸ ಮಾಡಿದೆ.

ಈಗ ಉಪಕರಣ. ಹೊಲಿಗೆ ಮಷಿನ್ನಿನ ಸೂಜಿ ಸಾಕು. ಅದರ ಉಕ್ಕು ಗಟ್ಟಿ. ಅದನ್ನು ಬಿಗಿಯಾಗಿ ಹಿಡಿಯಲು ಪಿನ್ ವೈಸ್ ಎಂಬ ಪೆನ್ನಿನಂಥ ಹಿಡಿ ಬೇಕು. ಅಕ್ಕಸಾಲಿಗರಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ ನೋಡಿ. ತುದಿ ಮೊಂಡಾದರೆ ನಯವಾದ ಸಾಣೆಕಲ್ಲಿಗೆ ಉಜ್ಜಿಕೊಳ್ಳಬೇಕು. ಒಂದು ಮೆತ್ತನೆಯ ಪೇಂಟಿಂಗ್ ಬ್ರಷ್. ಧೂಳು ಊದಲು ಕ್ಯಾಮೆರಾ ಒರೆಸುವವರ ರಬ್ಬರ್ ಬ್ಲೋವರ್. ಬಾಯಿಂದ ಊದಬೇಡಿ, ಧೂಳು ಕಣ್ಣಿಗೆ ಬರುತ್ತದೆ, ಉಗುಳಿನ ತೇವ ಕಲ್ಲಿಗೆ ಹೋಗುತ್ತದೆ. ಮೊಬೈಲ್ ರಿಪೇರಿಯವರು ಬಳಸುವ, ಲೆನ್ಸ್ ಇರುವ ದೀಪ ತುಂಬಾ ಉಪಯೋಗಕ್ಕೆ ಬಂತು. ಎರಡು, ಮೂರು ಪಟ್ಟು ದೊಡ್ಡದಾಗಿ ಕಂಡರೆ ಸಾಕು. ಅದಕ್ಕಿಂತ ಜಾಸ್ತಿ ದೊಡ್ಡದಾದರೆ ಲೆನ್ಸು ಕಲ್ಲಿಗೆ ಅಂಟಿಕೊಂಡಂತಾಗಿ ಸೂಜಿ ಆಡಿಸಲು ಜಾಗವೇ ಉಳಿಯುವುದಿಲ್ಲ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆದ್ದರಿಂದ ಎನ್-95 ಮಾಸ್ಕ್ ಹಾಕಿಕೊಳ್ಳಲೇಬೇಕು. ಕಣ್ಣಿಗೆ ಕನ್ನಡಕವೂ ಬೇಕು.

ಗಾಳಿಯ ಒತ್ತಡದಿಂದ ಓಡುವ ಪುಟ್ಟ ಉಳಿಗಳೂ ಇವೆ. ಏರ್ ಸ್ಕ್ರೈಬ್ ಅನ್ನುತ್ತಾರೆ. ಅಡುಗೆ ಸೋಡಾದಂಥ ನಯ ಪುಡಿಯನ್ನು ಗಾಳಿಯ ಜೊತೆ ಚಿಮ್ಮಿಸಿ ಕಲ್ಲು ಸವೆಸುವ ಯಂತ್ರವೂ ಇದೆ. ಮ್ಯೂಸಿಯಂಗಳಲ್ಲಿ ಇವೇ ಜಾಸ್ತಿ. ಆದರೆ ಮೊದಲ ಮೀನಿಗೆ ಸೂಜಿಯೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಪ್ಪು ನಿಧಾನಕ್ಕೆ ಆಗುತ್ತದೆ, ಆದ್ದರಿಂದ ನಡುವೆ ನಿಲ್ಲಿಸಲು ಸಮಯ ಸಿಗುತ್ತದೆ.

ಕಲ್ಲು ಅಲುಗಾಡದಿರಲು ಒಂದು ಬಟ್ಟೆ ಚೀಲದಲ್ಲಿ ಅರ್ಧದಷ್ಟು ಜೋಳ ತುಂಬಿ ಬಾಯಿ ಹೊಲಿದುಕೊಂಡೆ. ಅದರ ಮೇಲೆ ಕಲ್ಲಿಟ್ಟು ಮೆತ್ತಗೆ ಒತ್ತಿದರೆ ಜೋಳ ಸರಿದು ಕಲ್ಲಿನ ಆಕಾರಕ್ಕೆ ಗುಂಡಿ ಮಾಡಿಕೊಡುತ್ತದೆ. ಗಟ್ಟಿ ಮೇಜಿನ ಮೇಲೆ ನೇರ ಇಟ್ಟರೆ ತೆಳು ಕಲ್ಲು ಒತ್ತಡಕ್ಕೆ ಖಡಕ್ ರೊಟ್ಟಿಯ ಹಾಗೇ ಲಟಕ್ ಅಂತ ಮುರಿಯುತ್ತದೆ.

ಇಷ್ಟೆಲ್ಲ ಜೋಡಿಸಿಕೊಂಡೂ ಮೊದಲ ಮೀನು ಕೆಡಿಸಿದೆ ಅಂದೆನಲ್ಲ. ಕಾರಣ ಎರಡು. ಒಂದು, ತಲೆಯಿಂದ ಶುರು ಮಾಡಿದ್ದು. ಕಣ್ಣು, ಬಾಯಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ತಲೆಯಲ್ಲಿ ಹತ್ತಾರು ತೆಳು ಎಲುಬುಗಳು ಒಂದರ ಮೇಲೊಂದು ಜಜ್ಜಿಕೊಂಡಿರುತ್ತವೆ. ಎಲ್ಲಿ ಎಲುಬು, ಎಲ್ಲಿ ಕಲ್ಲು ಅಂತ ನುರಿತವರೇ ತಡೆದು ನೋಡುವ ಜಾಗ ಅದು. ಎರಡು, ಪಕ್ಕೆಲುಬುಗಳ ಮೇಲೆ ಸೂಜಿಯನ್ನು ಅಡ್ಡಕ್ಕೆ ಎಳೆದದ್ದು. ಒಂದು ಪಕ್ಕೆಲುಬು ದಾಟುವಾಗ ಸೂಜಿ ತಟ್ಟನೆ ಹಾರಿತು. ಬೆಳಕಿನಲ್ಲಿ ಒಂದು ಕಂದು ಚೂರು ಚಿಮ್ಮಿದ್ದು ಕಂಡಿತು. ನೆಲವೆಲ್ಲ ಹುಡುಕಿದೆ, ಸಿಗಲಿಲ್ಲ. ಗಾಬರಿಯಲ್ಲಿ, ಉಳಿದ ಎಲುಬಾದರೂ ಗಟ್ಟಿಯಾಗಿರಲಿ ಅಂತ ಸೂಪರ್ ಗ್ಲೂ ಹಚ್ಚಿದೆ. ಅದು ಹರಡಿ, ಕಲ್ಲಿನ ರಂಧ್ರಗಳಿಗೆ ಇಳಿದು, ಗಾಜಿನ ಹಾಗೆ ಹೊಳೆಯುತ್ತಾ ಒಣಗಿತು. ಮೇಲಿದ್ದ ಧೂಳೂ ಅದರ ಜೊತೆ ಶಾಶ್ವತವಾಗಿ ಅಂಟಿಕೊಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಕೋಟಿಗಟ್ಟಲೆ ವರ್ಷ ಇಡಿಯಾಗಿ ಉಳಿದದ್ದು ನನ್ನ ಕೈಯಲ್ಲಿ ಅರ್ಧ ಗಂಟೆಯಲ್ಲಿ ಹೋಯಿತಲ್ಲ ಅಂತ.

ಮರುದಿನ ನಮ್ಮ ಓಣಿಯ ಅಕ್ಕಸಾಲಿಗ ಕಾಕಾ ಹತ್ತಿರ ಹೋಗಿ ಕಲ್ಲು ತೋರಿಸಿದೆ. ಅವರು ಮೀನನ್ನು ನೋಡಲಿಲ್ಲ, ನಾನು ಸೂಜಿ ಹಿಡಿಯುವುದನ್ನು ನೋಡಿದರು. "ತಮ್ಮಾ, ಮೊದ್ಲ ಕೈ ಊರು. ಕೈ ತೂಗಾಡಿದ್ರ ಸೂಜಿ ತನ್ನ ದಾರಿ ತಾನ ಹಿಡೀತೈತಿ" ಅಂದರು. ಮಣಿಕಟ್ಟನ್ನು ಮೇಜಿಗೆ ಊರಿಸಿ, ಕಿರುಬೆರಳನ್ನು ಕಲ್ಲಿನ ಅಂಚಿಗೆ ಇಡಿಸಿ, ಬರೀ ಎರಡು ಬೆರಳು ಆಡುವ ಹಾಗೆ ಕೂರಿಸಿದರು. ಆಮೇಲೆ ಮೀನಿಲ್ಲದ ಒಂದು ಮೂಲೆಯಲ್ಲಿ ಕಲ್ಲು ಕೆರೆಯಲು ಹೇಳಿದರು. ಹದಿನೈದು ನಿಮಿಷ ಸುಮ್ನೆ ಕೆರೆದೆ. ಕಲ್ಲಿನ ಗಡಸುತನ ಎಷ್ಟು, ಎಷ್ಟು ಒತ್ತಿದರೆ ಚಕ್ಕೆ ಏಳುತ್ತದೆ ಅನ್ನುವುದು ಆ ಮೂಲೆಯಲ್ಲೇ ಗೊತ್ತಾಯಿತು. ಮೊದಲೇ ಮಾಡಬೇಕಿದ್ದ ಕೆಲಸ ಅದು.

ಎರಡನೇ ಮೀನನ್ನು ಬೆನ್ನೆಲುಬಿನ ನಡುವಿನಿಂದ ಶುರು ಮಾಡಿದೆ. ಅದು ಮೈಯಲ್ಲೇ ದಪ್ಪನೆಯ ಎಲುಬು, ಸಣ್ಣ ತಪ್ಪು ತಡೆದುಕೊಳ್ಳುತ್ತದೆ. ಕಂಡ ಎಲುಬಿನಿಂದ ಕಾಣದ ಎಲುಬಿನ ಕಡೆಗೆ ಹೋಗಬೇಕು. ನಡುವೆ ಎಲ್ಲೋ ಹೊಸ ಕಿಟಕಿ ತೆರೆಯಬಾರದು. ಬೆನ್ನಿನಿಂದ ಒಂದು ಪಕ್ಕೆಲುಬು ಹಿಡಿದು ಅದರ ಉದ್ದಕ್ಕೇ ಇಳಿಯಬೇಕು, ಅಡ್ಡ ದಾಟಬಾರದು. ರೆಕ್ಕೆಯ ಕಡ್ಡಿಗಳನ್ನು ಬುಡದಿಂದ ತುದಿಗೆ ಬಿಡಿಸಬೇಕು. ಹುರುಪೆ ಉಳಿದಿರುವ ಜಾಗದಲ್ಲಿ ಸೂಜಿ ತಲೆಯಿಂದ ಬಾಲದ ಕಡೆಗೇ ಹೋಗಬೇಕು. ಮೀನಿನ ಹುರುಪೆ ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತದೆ, ಬಿಚ್ಚಿದ ಅಂಚು ಬಾಲದ ಕಡೆ. ಬಾಲದಿಂದ ತಲೆಗೆ ಕೆರೆದರೆ ಸೂಜಿ ಆ ಅಂಚಿಗೆ ಸಿಕ್ಕಿ ಹುರುಪೆಯನ್ನೇ ಎತ್ತಿಬಿಡುತ್ತದೆ.

ಎಲುಬು ಬಂತು ಅಂತ ಗೊತ್ತಾಗುವುದು ಹೇಗೆ? ಪುಡಿಯ ಬಣ್ಣ ನೋಡಿ. ಕಲ್ಲಿನ ಪುಡಿ ಬೆಳ್ಳಗೆ, ರಂಗೋಲಿ ಪುಡಿಯ ಹಾಗೆ ಇರುತ್ತದೆ. ಪುಡಿಯಲ್ಲಿ ಸ್ವಲ್ಪ ಕಂದು ಕಂಡರೂ ತಕ್ಷಣ ಕೈ ಎತ್ತಿ, ಅದು ಎಲುಬು. ಬೆರಳಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಕಲ್ಲಿನ ಮೇಲೆ ಸೂಜಿ ಸೀಮೆಸುಣ್ಣದ ಮೇಲೆ ಓಡಿದ ಹಾಗೆ ತಡೆಯುತ್ತದೆ, ಎಲುಬಿನ ಮೇಲೆ ನುಣ್ಣಗೆ ಜಾರುತ್ತದೆ. ಕೆಲವು ದಿನ ಕಳೆದ ಮೇಲೆ ಸದ್ದೂ ಬೇರೆಯಾಗಿ ಕೇಳತೊಡಗಿತು. ಫ್ಯಾನ್ ಆರಿಸಿ ಕೂತರೆ ಈಗಲೂ ನಾನು ಅರ್ಧ ಕೆಲಸ ಕಿವಿಯಿಂದಲೇ ಮಾಡುತ್ತೇನೆ.

ದಿನಕ್ಕೆ ನಲವತ್ತು ನಿಮಿಷಕ್ಕಿಂತ ಜಾಸ್ತಿ ಕೂಡಲಿಲ್ಲ. ಕಣ್ಣು ದಣಿದಾಗಲೇ ತಪ್ಪು ಆಗುವುದು. ಒಟ್ಟು ಇಪ್ಪತ್ತೆರಡು ಗಂಟೆ ಹಿಡಿಯಿತು.

ತುಂಬಾ ಜನ ಹೇಳುವ ಸಲಹೆ ಒಂದಿದೆ: ವಿನೆಗರ್‌ನಲ್ಲಿ ನೆನೆಸಿಡಿ, ಕಲ್ಲು ಕರಗುತ್ತದೆ. ದಯವಿಟ್ಟು ಮಾಡಬೇಡಿ. ಮನೆಯ ನೆಲಕ್ಕೆ ಹಾಸಿದ ಸುಣ್ಣದಕಲ್ಲಿನ ಫರಸಿಯ ಮೇಲೆ ನಿಂಬೆರಸ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಸುಣ್ಣದಕಲ್ಲನ್ನು ಆಮ್ಲ ತಿನ್ನುತ್ತದೆ, ಅದು ನಿಜ. ಮ್ಯೂಸಿಯಂಗಳಲ್ಲಿ ಕೆಲವು ಜಾತಿಯ ಮೀನುಗಳನ್ನು ನೀರು ಬೆರೆಸಿದ ಅಸಿಟಿಕ್ ಆಮ್ಲದಿಂದ ಬಿಡಿಸುವುದೂ ನಿಜ. ಎಲುಬು ಫಾಸ್ಫೇಟ್‌ನಿಂದ ಆದದ್ದು, ಅದು ಸುಣ್ಣದಕಲ್ಲಿಗಿಂತ ನಿಧಾನವಾಗಿ ಕರಗುತ್ತದೆ ಅನ್ನುವುದೇ ಆ ವಿಧಾನದ ಆಧಾರ. ಆದರೆ ಅವರು ಎಲುಬಿಗೆ ಮೊದಲೇ ರಕ್ಷಣೆಯ ಲೇಪ ಕೊಡುತ್ತಾರೆ, ಮತ್ತೆ ಮತ್ತೆ ಹೊರಗೆ ತೆಗೆದು ತೊಳೆಯುತ್ತಾರೆ. ಕೂದಲಿನಷ್ಟು ತೆಳ್ಳಗಿನ ನೈಟಿಯಾ ಪಕ್ಕೆಲುಬಿಗೆ ಕೆಳಗಿನ ಕಲ್ಲೇ ಆಸರೆ. ಆ ಕಲ್ಲು ಕರಗಿದರೆ ಎಲುಬು ನಿಲ್ಲುವುದು ಎಲ್ಲಿ? ಬರೀ ನೀರಿನಲ್ಲಿ ಮುಳುಗಿಸುವುದೂ ಬೇಡ. ಪದರಗಳ ನಡುವೆ ಜೇಡಿ ಇದ್ದರೆ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ.

ಅಂಟಿನ ವಿಷಯಕ್ಕೆ ಬಂದರೆ, ಮ್ಯೂಸಿಯಂನವರು ನಂಬುವುದು ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು. ಸಾಬೂದಾನಿಯಂಥ ಪಾರದರ್ಶಕ ಹರಳುಗಳಾಗಿ ಬರುತ್ತದೆ. ಅಸಿಟೋನ್‌ನಲ್ಲಿ ಕರಗಿಸಬೇಕು. ಅದರ ದೊಡ್ಡ ಗುಣ ಏನೆಂದರೆ, ವರ್ಷಗಳ ನಂತರವೂ ಅಸಿಟೋನ್ ಹಚ್ಚಿ ಅದನ್ನು ಮತ್ತೆ ಕರಗಿಸಬಹುದು. ನಮ್ಮ ತಪ್ಪನ್ನು ಮುಂದಿನವರು ತಿದ್ದಲು ದಾರಿ ಉಳಿಯುತ್ತದೆ. 100 ಮಿಲಿಲೀಟರ್ ಅಸಿಟೋನ್‌ಗೆ 5 ಗ್ರಾಂ ಹಾಕಿದರೆ ಎಲುಬು ಗಟ್ಟಿ ಮಾಡುವ ತೆಳು ದ್ರಾವಣ ಆಗುತ್ತದೆ. ಹರಳುಗಳನ್ನು ಹಾಗೇ ಸುರಿದರೆ ತಳದಲ್ಲಿ ಮುದ್ದೆಯಾಗುತ್ತವೆ. ತೆಳು ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ಗಾಜಿನ ಸೀಸೆಯಲ್ಲಿ ಇಳಿಬಿಟ್ಟರೆ ರಾತ್ರಿ ಕಳೆಯುವುದರೊಳಗೆ ಕರಗುತ್ತವೆ. ಉಗುರಿನ ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬಣ್ಣ, ಎಣ್ಣೆ ಬೆರೆತಿರಬಹುದು.

ನಮ್ಮ ಊರಿನ ಹವೆಗೆ ತಕ್ಕಂತೆ ಎರಡು ಮಾತು. ಅಸಿಟೋನ್ 56 ಡಿಗ್ರಿಗೇ ಕುದಿಯುವ ದ್ರವ. ಮೇ ತಿಂಗಳ ಬಿಸಿಲಿನಲ್ಲಿ ಹನಿ ಎಲುಬಿನೊಳಗೆ ಇಳಿಯುವ ಮೊದಲೇ ಆರಿ, ಮೇಲೆ ಹೊಳೆಯುವ ಪೊರೆ ಉಳಿಯುತ್ತದೆ. ಬೆಳಗಿನ ಜಾವದ ತಂಪಿನಲ್ಲಿ ಮಾಡಿ. ಮಳೆ ಹಿಡಿದ ದಿನ ಬೇಡ, ಗಾಳಿಯ ತೇವಕ್ಕೆ ರಾಳ ಬೆಳ್ಳಗೆ ಮಬ್ಬಾಗುತ್ತದೆ. ಕಿಟಕಿ ತೆರೆದಿರಲಿ. ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಸಡಿಲ ಎಲುಬು ಕಂಡಲ್ಲಿ ಮಾತ್ರ ಬ್ರಷ್ ತುದಿಯಿಂದ ಒಂದು ಹನಿ ಬಿಡಿ. ಇಡೀ ಮೀನಿಗೆ ವಾರ್ನಿಷ್ ಬಳಿದ ಹಾಗೆ ಬಳಿಯಬೇಡಿ.

ಹೋದ ಎಲುಬಿನ ಜಾಗಕ್ಕೆ ಬಣ್ಣ ಹಚ್ಚಬೇಕಾ? ಮಾರಾಟಕ್ಕೆ ಇರುವ ಎಷ್ಟೋ ಮೀನುಗಳಲ್ಲಿ ರೆಕ್ಕೆ, ಬಾಲಗಳನ್ನು ಕಂದು ಬಣ್ಣದಲ್ಲಿ ಬರೆದು ಪೂರ್ತಿ ಮಾಡಿರುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಕಲ್ಲು ಬಿರಿದ ಕಡೆ ಕಲ್ಲಿನದೇ ಪುಡಿಯನ್ನು ಪ್ಯಾರಾಲಾಯ್ಡ್‌ನಲ್ಲಿ ಕಲಸಿ ತುಂಬುತ್ತೇನೆ. ಎಲುಬು ಇಲ್ಲದ ಕಡೆ ಇಲ್ಲ ಅಂತಲೇ ಬಿಡುತ್ತೇನೆ. ನೋಡುವವರಿಗೆ ನಿಜ ಗೊತ್ತಾಗಬೇಕು ಅಲ್ವಾ?

ಮನೆಗೆ ಬರುವ ಮಕ್ಕಳು ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ. ನಮ್ಮ ಬಾದಾಮಿ ಕಲ್ಲಿನಲ್ಲಿ ಮೀನು ಸಿಗುವುದಿಲ್ಲವಾ? ಸಿಗುವುದಿಲ್ಲ. ಭೂಮಿಯ ಮೇಲೆ ಮೀನು ಹುಟ್ಟಿದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ. ಬಾದಾಮಿಯ ಮರಳುಗಲ್ಲು, ಬಾಗಲಕೋಟೆಯ ಸುಣ್ಣದಕಲ್ಲು ಅದಕ್ಕಿಂತ ಹಳೆಯವು. ಬಾದಾಮಿಯ ಬಂಡೆಗಳ ಮೇಲೆ ಕಾಣುವ ಅಲೆಯ ಗುರುತುಗಳು ಮೀನೇ ಇಲ್ಲದ ಕಾಲದ ನೀರಿನವು. ಬಾಗಲಕೋಟೆ ಕಡೆಯ ಸುಣ್ಣದಕಲ್ಲಿನಲ್ಲಿ ಸೂಕ್ಷ್ಮಜೀವಿಗಳ ಹಾಸು ಪದರ ಪದರವಾಗಿ ಬೆಳೆದು ಆದ ಸ್ಟ್ರೊಮಾಟೊಲೈಟ್‌ಗಳಿವೆ. ಅವೇ ನಮ್ಮ ಜಿಲ್ಲೆಯ ಹಳೆಯ ಜೀವಗಳು. ಸುಣ್ಣದಕಲ್ಲಿನ ಬಿರುಕಿನಲ್ಲಿ ಜರಿಗಿಡದ ಹಾಗೆ ಕಾಣುವ ಕಪ್ಪು ಚಿತ್ತಾರ ಗಿಡವಲ್ಲ, ಖನಿಜ ಹರಡಿದ ಗುರುತು. ಗೋಕಾಕದ ಹತ್ತಿರ ಜೇಡಿಮಣ್ಣಿನಲ್ಲಿ ಖಡ್ಗಮೃಗದ ಎಲುಬುಗಳು ಸಿಕ್ಕಿದ್ದವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಅವುಗಳ ವಿವರ ಪ್ರಕಟಿಸಿ, ದಖ್ಖನ್ನಿನ ಹೆಸರು ಸೇರಿಸಿ ರೈನೋಸೆರಸ್ ಡೆಕ್ಕನೆನ್ಸಿಸ್ ಅಂತ ಕರೆದರು. ಡೈನೋಸಾರ್ ಕಾಲದ ಮೀನು ಬೇಕೆಂದರೆ ಪ್ರಾಣಹಿತಾ-ಗೋದಾವರಿ ಕಣಿವೆಯ ಕೋಟಾ ಸುಣ್ಣದಕಲ್ಲಿಗೆ ಹೋಗಬೇಕು. ಅಲ್ಲಿ ಸಿಕ್ಕ ಲೆಪಿಡೋಟಿಸ್ ಡೆಕ್ಕನೆನ್ಸಿಸ್ ಎಂಬ ಮೀನಿಗೂ ದಖ್ಖನ್ನಿನದೇ ಹೆಸರು. ನಿಮ್ಮ ಹೊಲದಲ್ಲೋ ಹಳ್ಳದಲ್ಲೋ ಎಲುಬಿನಂಥ ಕಲ್ಲು ಕಂಡರೆ ಉಳಿ ಹಚ್ಚಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದು, ಜಾಗ ಬರೆದುಕೊಂಡು, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತೋರಿಸಿ.

ಬಿಡಿಸಿದ ಮೀನನ್ನು ಗೋಡೆಗೆ ಅಂಟಿಸಬಾರದು. ಮರದ ಸಣ್ಣ ಸ್ಟ್ಯಾಂಡ್ ಮೇಲೆ, ಕಲ್ಲಿನ ಕೆಳಗೆ ದಪ್ಪ ಬಟ್ಟೆ ಹಾಕಿ ಒರಗಿಸಿದರೆ ಸಾಕು. ಅಡುಗೆಮನೆಯ ಜಿಡ್ಡು, ಬಿಸಿಲು, ಕೂಲರ್ ಗಾಳಿಯ ತೇವ ಮೂರರಿಂದಲೂ ದೂರ ಇರಲಿ. ದೀಪ ಎದುರಿಗೆ ಬೇಡ, ಪಕ್ಕದಲ್ಲಿ ಇಡಿ. ಮೊದಲ ದಿನ ಟಾರ್ಚ್ ಹಾಯಿಸಿದಿರಲ್ಲ, ಅದೇ ಕೋನದಲ್ಲಿ. ಆಗ ಪಕ್ಕೆಲುಬುಗಳ ನೆರಳು ಬಿದ್ದು ಮೀನು ಕಲ್ಲಿನಿಂದ ಎದ್ದ ಹಾಗೆ ಕಾಣುತ್ತದೆ.

ಕಲ್ಲಿನ ಹಿಂದೆ ಒಂದು ಚೀಟಿ ಇರಲೇಬೇಕು. ಎಲ್ಲಿಯದು, ಏನು ಮಾಡಿದ್ದಾರೆ ಅನ್ನುವುದು ಗೊತ್ತಿಲ್ಲದ ಪಳೆಯುಳಿಕೆ ಬರೀ ಅಲಂಕಾರದ ವಸ್ತು ಆಗಿಬಿಡುತ್ತದೆ. ನನ್ನ ಚೀಟಿಯಲ್ಲಿ ಬರೆದದ್ದು ಹೀಗಿದೆ: "ನೈಟಿಯಾ. ಗ್ರೀನ್ ರಿವರ್ ಶಿಲಾಸ್ತರ, ಕೆಮ್ಮರರ್ ಹತ್ತಿರ, ವಯೋಮಿಂಗ್. ಸುಮಾರು 5.2 ಕೋಟಿ ವರ್ಷ. ಸೂಜಿಯಿಂದ ಬಿಡಿಸಿದ್ದು, ಬಾಗಲಕೋಟೆ. ಬೆನ್ನಿನ ಬಳಿ ಮತ್ತು ಬಾಲದ ಬುಡದಲ್ಲಿ ಪ್ಯಾರಾಲಾಯ್ಡ್ ಬಿ-72. ಎಡ ಮೂಲೆಯ ಬಿರುಕಿಗೆ ಕಲ್ಲಿನ ಪುಡಿ ತುಂಬಿದೆ. ಬಣ್ಣ ಹಚ್ಚಿಲ್ಲ. ಕೆಳದವಡೆಯ ತುದಿ ಬಂದಾಗಲೇ ಇರಲಿಲ್ಲ."